ಬಿಳಿಚಿದ ಛಾಯಾಚಿತ್ರಗಳು: ಕ್ಯಾಮೆರಾದ ದೋಷವೋ, ಬೆಳಕಿನ ಲೆಕ್ಕವೋ?

ಶಾಲೆಯೊಂದರ ಚರಿತ್ರೆಯು ದಾಖಲೆ ಪುಸ್ತಕಗಳಲ್ಲಿ ಉಳಿಯುವಂತೆಯೇ ಛಾಯಾಚಿತ್ರಗಳಲ್ಲಿಯೂ ಉಳಿಯುತ್ತದೆ. ಧ್ವಜಾರೋಹಣ, ಬಹುಮಾನ ವಿತರಣೆ, ಕ್ರೀಡೋತ್ಸವ, ನಿವೃತ್ತ ಶಿಕ್ಷಕರ ಬೀಳ್ಕೊಡುಗೆ ಮೊದಲಾದ ಸಂದರ್ಭಗಳು ಒಮ್ಮೆ ನಡೆದು ಮುಗಿದರೆ ಮರಳಿ ಬಾರವು. ಅಂದು ತೆಗೆದ ಚಿತ್ರ ಕೆಟ್ಟಿತೆಂದರೆ ಆ ಗಳಿಗೆಯ ಮುಖಗಳೂ ಕಳೆದುಹೋದಂತೆಯೇ ಸರಿ. ಇಪ್ಪತ್ತು ವರ್ಷಗಳ ತರುವಾಯ ಸಂಚಿಕೆಯ ಪುಟಗಳಲ್ಲಿ ತನ್ನ ಮುಖವನ್ನು ಅರಸುವ ಹಳೆಯ ವಿದ್ಯಾರ್ಥಿಗೆ ಅಲ್ಲಿ ಬರಿಯ ಬಿಳಿಯ ಮಚ್ಚೆ ಕಂಡರೆ ಆಗುವ ನಿರಾಸೆ ಸಣ್ಣದಲ್ಲ.

ಹೊಸ ಡಿಜಿಟಲ್ ಕ್ಯಾಮೆರಾ ಕೈಗೆ ಬಂದ ಮೊದಲ ದಿನಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಇದೇ ಆಗಿದೆ: ಚಿತ್ರಗಳು ಬಿಳಿಚಿಕೊಂಡಿವೆ, ಬಣ್ಣಗಳಲ್ಲಿ ಕಸುವಿಲ್ಲ, ಅಂಗಿಯ ಮಡಿಕೆಗಳು ಕಾಣಿಸುವುದಿಲ್ಲ. ಇಂತಹ ವೇಳೆಯಲ್ಲಿ ಕ್ಯಾಮೆರಾ ಕೆಟ್ಟಿದೆಯೆಂದು ತೀರ್ಮಾನಿಸಿ ಅಂಗಡಿಗೆ ಹಿಂದಿರುಗಿಸುವುದು ಸುಲಭ. ಆದರೆ ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಯಂತ್ರದಲ್ಲಲ್ಲ, ಬೆಳಕಿನ ಲೆಕ್ಕದಲ್ಲಿ. ಬಿಳಿಚಿದ ಚಿತ್ರಗಳೆಲ್ಲ ಒಂದೇ ಬಗೆಯವಲ್ಲ. ಬಗೆಯನ್ನು ಮೊದಲು ಗುರುತಿಸಿಕೊಂಡರೆ ಪರಿಹಾರವು ತಾನಾಗಿ ಗೋಚರಿಸುತ್ತದೆ.

ಫಿಲ್ಮಿನ ಪಾಠ ಮತ್ತು ಸಂವೇದಕದ ಪಾಠ

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ಸಿಸಿಡಿ ಎಂಬ ಸಾಧನವನ್ನು ಕಲ್ಪಿಸಿದರು. 2009ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕದ ಅರ್ಧಭಾಗವು ಇದಕ್ಕಾಗಿ ಅವರಿಬ್ಬರಿಗೆ ಸಂದಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಅಂತಹ ಸಾಧನವೊಂದನ್ನು ಬಳಸಿ ಡಿಜಿಟಲ್ ಕ್ಯಾಮೆರಾವನ್ನು ನಿರ್ಮಿಸಿದರು. ಅದರ ಚಿತ್ರದಲ್ಲಿದ್ದುದು 10,000 ಬಿಂದುಗಳು ಮಾತ್ರ. ಒಂದು ಚಿತ್ರವು ಕ್ಯಾಸೆಟ್ಟಿನ ಸುರುಳಿಗೆ ದಾಖಲಾಗಲು 23 ಸೆಕೆಂಡುಗಳು ಬೇಕಾಗುತ್ತಿದ್ದವು. ಇಂದಿನ ಕ್ಯಾಮೆರಾಗಳ ಸಂವೇದಕದಲ್ಲಿ ಕೋಟಿಗಟ್ಟಲೆ ಬಿಂದುಗಳಿರುತ್ತವೆ. ಆದರೂ ಪ್ರತಿಯೊಂದು ಬಿಂದುವಿನ ಮೂಲ ಸ್ವಭಾವ ಬದಲಾಗಿಲ್ಲ.

ಮಳೆ ಬೀಳುವಾಗ ಅಂಗಳದಲ್ಲಿ ಸಾಲಾಗಿ ಕೊಡಗಳನ್ನಿಟ್ಟರೆ ಒಂದೊಂದು ಕೊಡದಲ್ಲಿ ನಿಂತ ನೀರನ್ನು ನೋಡಿ ಅಲ್ಲಿ ಎಷ್ಟು ಮಳೆ ಬಿದ್ದಿತೆಂದು ಹೇಳಬಹುದು. ಆದರೆ ಕೊಡಗಳು ತುಂಬಿ ಹೊರಚೆಲ್ಲಿದ ಮೇಲೆ ಎಲ್ಲಿ ಹೆಚ್ಚು ಬಿದ್ದಿತು, ಎಲ್ಲಿ ಕಡಿಮೆ ಬಿದ್ದಿತು ಎಂದು ಹೇಳಲು ಬಾರದು. ಸಂವೇದಕದ ಬಿಂದುಗಳೂ ಹಾಗೆಯೇ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜೆಪೆಗ್ ಚಿತ್ರದಲ್ಲಿ ಕಪ್ಪಿಗೆ 0, ಶುದ್ಧ ಬಿಳಿಗೆ 255 ಎಂಬ ಅಂಕೆಗಳಿವೆ. ಬೆಳಕು ಮಿತಿಮೀರಿದ ಭಾಗಗಳೆಲ್ಲ 255ಕ್ಕೆ ಬಂದು ನಿಲ್ಲುತ್ತವೆ. ಅಲ್ಲಿ ಅಂಗಿಯ ಮಡಿಕೆಗೂ ಆಕಾಶದ ಮೋಡಕ್ಕೂ ಯಾವ ಅಂತರವೂ ಉಳಿಯದು.

ನೆಗೆಟಿವ್ ಫಿಲ್ಮಿನ ಸ್ವಭಾವ ಇದಕ್ಕಿಂತ ಭಿನ್ನವಾದುದು. ಅದು ಹೆಚ್ಚಿನ ಬೆಳಕನ್ನು ಬಹುಮಟ್ಟಿಗೆ ಸೈರಿಸಿಕೊಳ್ಳುತ್ತದೆ. ಆದಕಾರಣ ಅನುಮಾನವಿದ್ದಲ್ಲಿ ಸ್ವಲ್ಪ ಹೆಚ್ಚು ಬೆಳಕನ್ನೇ ಕೊಡಬೇಕೆಂಬ ಅಭ್ಯಾಸ ಹಳಬರಲ್ಲಿ ಬೇರೂರಿದೆ. ಡಿಜಿಟಲ್ ಕ್ಯಾಮೆರಾದಲ್ಲಿ ಈ ಸೂತ್ರವನ್ನು ತಿರುಗುಮುರುಗಾಗಿ ಅನ್ವಯಿಸಬೇಕು. ಕೊಂಚ ಮಬ್ಬಾದ ಭಾಗವನ್ನು ತರುವಾಯ ಬೆಳಗಿಸಬಹುದು. ಪೂರ್ತಿ ಬಿಳಿಯಾದ ಭಾಗವನ್ನು ಮರಳಿ ಪಡೆಯಲಾಗದು.

ಮೊದಲ ಪರೀಕ್ಷೆ: ಹಿಸ್ಟೊಗ್ರಾಂ

ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಕಂಡುದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು. ಬಿಸಿಲಿನಲ್ಲಿ ಯಾವ ಚಿತ್ರವೂ ಪರದೆಯ ಮೇಲೆ ಬಿಳಿಚಿದಂತೆ ತೋರುತ್ತದೆ. ಕತ್ತಲ ಕೋಣೆಯಲ್ಲಿ ಯಾವ ಚಿತ್ರವೂ ಉಜ್ಜ್ವಲವಾಗಿ ತೋರುತ್ತದೆ. ಇದಕ್ಕಾಗಿಯೇ ಬಹುತೇಕ ಕ್ಯಾಮೆರಾಗಳಲ್ಲಿ ಹಿಸ್ಟೊಗ್ರಾಂ ಎಂಬ ನಕ್ಷೆಯ ಏರ್ಪಾಡಿದೆ. ನಕ್ಷೆಯ ಎಡತುದಿ ಕಪ್ಪು, ಬಲತುದಿ ಬಿಳಿ. ಯಾವ ಮಟ್ಟದ ಬೆಳಕಿನ ಬಿಂದುಗಳು ಎಷ್ಟಿವೆ ಎಂಬುದನ್ನು ರೇಖೆಯ ಎತ್ತರ ಸೂಚಿಸುತ್ತದೆ.

ಬಿಳಿಚಿದ ಚಿತ್ರದ ನಕ್ಷೆಯನ್ನು ನೋಡಿದಾಗ ಮೂರು ಸ್ಥಿತಿಗಳಲ್ಲಿ ಒಂದು ಕಂಡುಬರುವುದು. ರೇಖೆಯು ಬಲತುದಿಯ ಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಬೆಳಕು ಅತಿಯಾಗಿದೆ. ರೇಖೆಯು ನಡುವೆ ಗುಂಪಾಗಿದ್ದು ಎರಡು ತುದಿಗಳೂ ಬರಿದಾಗಿದ್ದರೆ ಮಸೂರದೊಳಗೆ ಹೊರಬೆಳಕು ಚೆದುರಿ ಕಪ್ಪನ್ನು ನುಂಗಿದೆ. ರೇಖೆಯು ಎರಡು ತುದಿಗಳ ನಡುವೆ ಹದವಾಗಿ ಹರಡಿದ್ದೂ ಚಿತ್ರ ಪೇಲವವಾಗಿ ತೋರಿದರೆ ದೋಷವಿರುವುದು ಚಿತ್ರವನ್ನು ತೋರಿಸುವ ಪರದೆಯಲ್ಲಿ ಅಥವಾ ಬಣ್ಣದ ಏರ್ಪಾಡಿನಲ್ಲಿ.

ಒಂದನೆಯ ಬಗೆ: ಬೆಳಕಿನ ಅತಿರೇಕ

ಕ್ಯಾಮೆರಾದ ಮೀಟರು ಬೆಳಕನ್ನು ಅಳೆಯಬಲ್ಲುದು. ಎದುರಿಗಿರುವುದು ಬಿಳಿಯ ಗೋಡೆಯೋ ಕಪ್ಪು ಹಲಗೆಯೋ ಎಂಬುದನ್ನು ತಿಳಿಯಲಾರದು. ತಾನು ಅಳೆದುದೆಲ್ಲ ಮಧ್ಯಮ ಬೂದು ಎಂದೇ ಅದು ಭಾವಿಸುತ್ತದೆ. ಹಿಂದೆ ಕಡುಬಣ್ಣದ ಪರದೆಯಿರುವ ವೇದಿಕೆಯಲ್ಲಿ ಬಿಳಿಯುಡುಗೆಯ ಭಾಷಣಕಾರರು ನಿಂತಿದ್ದಾರೆನ್ನೋಣ. ಚೌಕಟ್ಟಿನ ಬಹುಭಾಗವನ್ನು ಆಕ್ರಮಿಸಿರುವ ಪರದೆಯನ್ನು ಬೂದುಬಣ್ಣಕ್ಕೆ ತರಲು ಮೀಟರು ಬೆಳಕನ್ನು ಹೆಚ್ಚಿಸುತ್ತದೆ. ತತ್ಪರಿಣಾಮವಾಗಿ ಭಾಷಣಕಾರರ ಮುಖವೂ ಉಡುಗೆಯೂ ಬಿಳಿಯಲ್ಲಿ ಕರಗಿಹೋಗುತ್ತವೆ. ಕ್ಯಾಮೆರಾದಲ್ಲಿರುವ +/− ಗುರುತಿನ ಗುಂಡಿಯಿಂದ ಬೆಳಕನ್ನು −1ರಷ್ಟು, ಎಂದರೆ ಅರ್ಧಕ್ಕೆ, ಇಳಿಸುವುದೇ ಇದಕ್ಕೆ ಮದ್ದು.

ಎರಡನೆಯ ಕಾರಣ, ಹಿಂದಿನ ದಿನದ ಹೊಂದಿಕೆಗಳು ಹಾಗೆಯೇ ಉಳಿದಿರುವುದು. ಅನೇಕ ಕ್ಯಾಮೆರಾಗಳು ಆರಿಸಿದ ಮೇಲೂ ಅವನ್ನು ಮರೆಯುವುದಿಲ್ಲ. ಸಂಜೆಯ ನಾಟಕಕ್ಕೆಂದು ಐಎಸ್‌ಒ 3200ಕ್ಕೆ ಇಟ್ಟು, ದ್ಯುತಿರಂಧ್ರವನ್ನು ಎಫ್/2.8ಕ್ಕೆ ತೆರೆದ ಕ್ಯಾಮೆರಾವನ್ನು ಮರುದಿನ ಬಿಸಿಲಿಗೆ ಒಯ್ದರೆ ಷಟರು ಸುಮಾರು 1/1,00,000 ಸೆಕೆಂಡಿನಲ್ಲಿ ಮುಚ್ಚಿಕೊಳ್ಳಬೇಕಾಗುತ್ತದೆ. ಷಟರಿನ ಮಿತಿ 1/4000 ಸೆಕೆಂಡು ಆಗಿದ್ದರೆ ಬೆಳಕು ಬೇಕಾದುದಕ್ಕಿಂತ ಸುಮಾರು 25 ಪಟ್ಟು ಹೆಚ್ಚಾಗಿ ಬೀಳುವುದು. ಆದುದರಿಂದ ಕಾರ್ಯಕ್ರಮದ ಆರಂಭದಲ್ಲಿ ಐಎಸ್‌ಒ, +/− ಗುರುತು, ಬೆಳಕು ಅಳೆಯುವ ವಿಧಾನ ಈ ಮೂರನ್ನೂ ಪರಿಶೀಲಿಸುವುದು ಅಗತ್ಯ.

ಮೂರನೆಯದು ಫ್ಲ್ಯಾಷ್. ಒಂದು ಬಿಂದುವಿನಿಂದ ಹೊರಟ ಬೆಳಕಿನ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆಂಬುದು ಪ್ರೌಢಶಾಲೆಯ ಪಾಠ. ಮೊದಲ ಸಾಲಿನವರು 1.5 ಮೀಟರು, ಕೊನೆಯ ಸಾಲಿನವರು 3 ಮೀಟರು ದೂರದಲ್ಲಿದ್ದರೆ ಮೊದಲಿನವರ ಮೇಲೆ ನಾಲ್ಕು ಪಟ್ಟು ಬೆಳಕು ಬೀಳುತ್ತದೆ. ಹಿಂದಿನ ಮುಖಗಳಿಗೆ ಸರಿಹೋದ ಬೆಳಕು ಮುಂದಿನ ಮುಖಗಳನ್ನು ಸುಣ್ಣ ಬಳಿದಂತೆ ಮಾಡುವುದು. ಇನ್ನಷ್ಟು ಹಿಂದೆ ಸರಿದು ನಿಂತರೆ ಸಾಲುಗಳ ನಡುವಿನ ಈ ತಾರತಮ್ಯ ತಗ್ಗುತ್ತದೆ. ಫ್ಲ್ಯಾಷನ್ನು ತಿರುಗಿಸಬಹುದಾದರೆ ಬಿಳಿಯ ತಾರಸಿಯಿಂದ ಬೆಳಕು ಪ್ರತಿಫಲಿಸಿ ಬರುವಂತೆ ಮಾಡುವುದು ಇನ್ನೂ ಲೇಸು.

ಕಾವಿ ವಸ್ತ್ರ ಮತ್ತು ಚೆಂಡುಹೂವಿನ ಹಾರಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಸಾಮಾನ್ಯ ಸಂವೇದಕಗಳಲ್ಲಿ ಪ್ರತಿಯೊಂದು ಬಿಂದುವಿನ ಮೇಲೆ ಕೆಂಪು, ಹಸಿರು ಅಥವಾ ನೀಲಿಯ ಶೋಧಕವಿರುತ್ತದೆ. ಕಾವಿಯಂತಹ ಬಣ್ಣದಲ್ಲಿ ಕೆಂಪಿನ ಪಾಲು ಬಹಳ. ಆದುದರಿಂದ ಉಳಿದೆರಡು ಹದವಾಗಿರುವಾಗಲೇ ಕೆಂಪು 255ನ್ನು ಮುಟ್ಟಿಬಿಡುತ್ತದೆ. ಒಟ್ಟು ಬೆಳಕಿನ ನಕ್ಷೆ ಸರಿಯಾಗಿ ಕಂಡರೂ ವಸ್ತ್ರದ ನೆರಿಗೆಗಳು, ಹೂವಿನ ಎಸಳುಗಳು ಒಂದೇ ಬಣ್ಣದ ಮುದ್ದೆಯಾಗುತ್ತವೆ. ಮೂರು ಬಣ್ಣಗಳ ನಕ್ಷೆಗಳನ್ನೂ ಬೇರೆಬೇರೆಯಾಗಿ ತೋರಿಸುವ ಏರ್ಪಾಡಿದ್ದರೆ ಕೆಂಪಿನ ನಕ್ಷೆಯನ್ನೇ ನೋಡಿ ಬೆಳಕನ್ನು ಇಳಿಸಬೇಕು.

ಎರಡನೆಯ ಬಗೆ: ಚೆದುರಿದ ಬೆಳಕು

ಇಲ್ಲಿ ಬೆಳಕಿನ ಪ್ರಮಾಣ ಸರಿಯಿದ್ದರೂ ಅದು ಬರುವ ದಾರಿ ಸರಿಯಿಲ್ಲ. ಸೂರ್ಯಕಿರಣ ಓರೆಯಾಗಿ ಮಸೂರದ ಮುಖಕ್ಕೆ ತಾಗಿದಾಗ, ಅಥವಾ ಮಸೂರದ ಮೇಲೆ ಬೆರಳ ಗುರುತು, ಧೂಳು, ಮಂಜು ಇದ್ದಾಗ ಬೆಳಕು ಒಳಗೆ ಚೆದುರಿ ಇಡೀ ಚಿತ್ರದ ಮೇಲೆ ತೆಳುವಾದ ಬಿಳಿಯ ತೆರೆಯನ್ನು ಎಳೆಯುತ್ತದೆ. ಮಸೂರದ ಮುಖದ ಮೇಲೆ ನೆರಳು ಬೀಳುವಂತೆ ಅಂಗೈಯನ್ನು ಚೌಕಟ್ಟಿನ ಹೊರಗೆ ಅಡ್ಡಹಿಡಿದು ಮತ್ತೊಂದು ಚಿತ್ರ ತೆಗೆಯಬೇಕು. ಅದರಲ್ಲಿ ಕಪ್ಪು ಕಪ್ಪಾಗಿಯೇ ಮೂಡಿದರೆ ಕಾರಣ ಖಚಿತವಾಯಿತು; ಮಸೂರಕ್ಕೆ ಬಿಸಿಲುಮರೆ ತೊಡಿಸಿದರೆ ಸಾಕು. ರಕ್ಷಣೆಗೆಂದು ತೊಡಿಸಿದ ಅಗ್ಗದ ಗಾಜಿನ ಫಿಲ್ಟರಿದ್ದರೆ ಅದನ್ನು ತೆಗೆದೂ ಪರೀಕ್ಷಿಸತಕ್ಕದ್ದು.

ಮಸೂರವನ್ನು ಶುಚಿಮಾಡುವಾಗ ಮೊದಲು ಗಾಳಿಯೂದುವ ಬುರುಡೆಯಿಂದ ಧೂಳನ್ನು ಹಾರಿಸಿ, ಆಮೇಲೆ ಮೃದುವಾದ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಬೇಕು. ಧೂಳಿರುವಾಗಲೇ ಶಲ್ಯದ ಅಂಚಿನಿಂದ ಉಜ್ಜಿದರೆ ಗೀರುಗಳು ಬೀಳುವ ಸಂಭವವಿದೆ. ಹವಾನಿಯಂತ್ರಿತ ಕೊಠಡಿಯಿಂದ ತೇವದ ಹೊರಗಾಳಿಗೆ ತಂದ ಕ್ಯಾಮೆರಾವನ್ನು ಚೀಲದಿಂದ ಒಡನೆಯೇ ಹೊರತೆಗೆಯಬಾರದು. ಅದರ ಉಷ್ಣತೆ ಹೊರಗಿನ ಉಷ್ಣತೆಗೆ ಸಮವಾಗುವವರೆಗೆ ಕಾಯಬೇಕು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಮಸೂರದೊಳಗೆ ಬೂಷ್ಟು ಬೆಳೆಯುವ ಭಯವಿದೆ. ಟಾರ್ಚಿನ ಬೆಳಕನ್ನು ಮಸೂರದ ಮೂಲಕ ಹಾಯಿಸಿದಾಗ ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಕ್ಯಾಮೆರಾವನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದು ಉತ್ತಮ.

ಮೂರನೆಯ ಬಗೆ: ತೋರಿಕೆಯ ದೋಷ

ಕೆಲವು ಕ್ಯಾಮೆರಾಗಳಲ್ಲಿ ಬಣ್ಣವನ್ನೂ ಕಪ್ಪುಬಿಳುಪಿನ ಅಂತರವನ್ನೂ ಬೇಕೆಂದೇ ತಗ್ಗಿಸುವ ‘ನ್ಯೂಟ್ರಲ್’, ‘ಫ್ಲ್ಯಾಟ್’ ಎಂಬ ಹೊಂದಿಕೆಗಳಿವೆ. ಚಿತ್ರವನ್ನು ತರುವಾಯ ಗಣಕದಲ್ಲಿ ತಿದ್ದುವವರಿಗಾಗಿ ಅವು ಏರ್ಪಟ್ಟಿವೆ. ನೇರವಾಗಿ ಮುದ್ರಣಕ್ಕೆ ಕೊಡುವವರು ‘ಸ್ಟ್ಯಾಂಡರ್ಡ್’ ಹೊಂದಿಕೆಯನ್ನೇ ಇಟ್ಟುಕೊಳ್ಳುವುದು ಸೂಕ್ತ. ಅಂತೆಯೇ ಅಡೋಬಿ ಆರ್‌ಜಿಬಿ ಎಂಬ ಬಣ್ಣದ ವ್ಯವಸ್ಥೆಯಲ್ಲಿ ತೆಗೆದ ಚಿತ್ರವು ಅದನ್ನು ಅರಿಯದ ಪರದೆಯಲ್ಲಿ ಪೇಲವವಾಗಿ ಕಾಣಿಸುವುದು; ಸಾಮಾನ್ಯ ಬಳಕೆಗೆ ಎಸ್‌ಆರ್‌ಜಿಬಿ ಸಾಕು.

ಯಂತ್ರದ ದೋಷವನ್ನು ಕಂಡುಹಿಡಿಯುವ ಕ್ರಮ

ಮೇಲಿನ ಕಾರಣಗಳಾವುವೂ ಅಲ್ಲವೆಂದಾದ ಮೇಲೆ ಮಾತ್ರ ಯಂತ್ರದ ಮೇಲೆ ಸಂಶಯಪಡಬೇಕು. ಇದಕ್ಕೊಂದು ಸರಳ ಪ್ರಯೋಗವಿದೆ. ನಿಚ್ಚಳವಾದ ಬಿಸಿಲಿನಲ್ಲಿ ಐಎಸ್‌ಒ 100, ದ್ಯುತಿರಂಧ್ರ ಎಫ್/16, ಷಟರು 1/125 ಸೆಕೆಂಡು ಇಟ್ಟು ತೆಗೆದ ಚಿತ್ರ ಹದವಾಗಿ ಮೂಡಬೇಕೆಂಬುದು ಫಿಲ್ಮಿನ ಕಾಲದಿಂದಲೂ ನಡೆದುಬಂದಿರುವ ಲೆಕ್ಕ. ಅದೇ ದೃಶ್ಯವನ್ನು ಎಫ್/5.6 ಮತ್ತು 1/1000 ಸೆಕೆಂಡು ಇಟ್ಟು ಮತ್ತೊಮ್ಮೆ ತೆಗೆಯಬೇಕು. ಎರಡರಲ್ಲಿಯೂ ಸಂವೇದಕಕ್ಕೆ ಸಿಗುವ ಬೆಳಕು ಒಂದೇ. ಆದುದರಿಂದ ಎರಡು ಚಿತ್ರಗಳೂ ಸಮನಾಗಿ ಬೆಳಗಿರಬೇಕು.

ಮೊದಲನೆಯದು ಮಾತ್ರ ಬಿಳಿಚಿದ್ದರೆ ದ್ಯುತಿರಂಧ್ರದ ಎಸಳುಗಳು ಮುಚ್ಚಿಕೊಳ್ಳುತ್ತಿಲ್ಲವೆಂಬ ಶಂಕೆಗೆ ಎಡೆಯಿದೆ. ಎರಡೂ ಹದವಾಗಿದ್ದರೆ ಷಟರೂ ಮಸೂರವೂ ನಿರ್ದೋಷಿಗಳು. ಉಳಿದಿರುವುದು ಹೊಂದಿಕೆಯ ಅಥವಾ ಮೀಟರಿನ ಪ್ರಶ್ನೆ. ಎರಡೂ ಬಿಳಿಚಿದ್ದರೆ, ಅಥವಾ ಎಸಳುಗಳ ಮೇಲೆ ಶಂಕೆ ಬಂದರೆ, ದುರಸ್ತಿಗಾರರಿಗೆ ತೋರಿಸುವುದು ವಿಹಿತ. ಹಾಗೆ ಒಯ್ಯುವಾಗ ಈ ಎರಡು ಚಿತ್ರಗಳನ್ನೂ ಜೊತೆಗೊಯ್ದರೆ ವೃಥಾ ಶ್ರಮವೂ ವೆಚ್ಚವೂ ಉಳಿಯುತ್ತವೆ.

ಉಪಸಂಹಾರ

ಮಹತ್ವದ ಸಂದರ್ಭಗಳಲ್ಲಿ ಜೆಪೆಗ್ ಜೊತೆಗೆ ‘ರಾ’ ಎಂಬ ಮೂಲರೂಪದಲ್ಲಿಯೂ ಚಿತ್ರವನ್ನು ಉಳಿಸಿಕೊಳ್ಳುವುದು ವಿವೇಕ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮಟ್ಟಗಳಿದ್ದರೆ 14 ಬಿಟ್ಟಿನ ಮೂಲರೂಪದಲ್ಲಿ 16,384 ಮಟ್ಟಗಳಿವೆ. ಅಲ್ಪಸ್ವಲ್ಪ ಬಿಳಿಚಿದುದನ್ನು ಅದರಿಂದ ಮರಳಿ ಪಡೆಯಬಹುದು. ಆದರೆ ತುಂಬಿ ಹೊರಚೆಲ್ಲಿದ ಕೊಡದ ಲೆಕ್ಕವನ್ನು ಅದೂ ಹೇಳಲಾರದು. ಸಮಾರಂಭ ಆರಂಭವಾಗುವ ಮುನ್ನ, ಬೆಳಕು ಬಿದ್ದ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ ಒಂದು ಚಿತ್ರ ತೆಗೆದು ಹಿಸ್ಟೊಗ್ರಾಮನ್ನು ನೋಡಿಕೊಳ್ಳಲು ಅರ್ಧ ನಿಮಿಷ ಸಾಕು. ಈ ಕಾರ್ಯವನ್ನು ಮೇಲ್ತರಗತಿಯ ವಿದ್ಯಾರ್ಥಿಗಳಿಗೇ ಒಪ್ಪಿಸಿದರೆ ಬೆಳಕಿನ ಪಾಠವನ್ನು ಅವರು ಕೈಯಾರೆ ಕಲಿತಂತಾಗುವುದು. ಸಂಸ್ಥೆಯ ನೆನಪಿನ ಭಂಡಾರದಲ್ಲಿ ಮುಖಗಳು ಮುಖಗಳಾಗಿಯೇ ಉಳಿಯುವುವು.