ಸೈಕಲ್ ಇದೆ, ದಾರಿ ಎಲ್ಲಿ?

ಮಕ್ಕಳೇ, ಬೆಳಗ್ಗೆ ಶಾಲೆಗೆ ಬರುವಾಗ ದಾರಿಯಲ್ಲಿ ಎಷ್ಟು ಸೈಕಲ್‌ಗಳನ್ನು ನೋಡುತ್ತೀರಿ? ಬೊಮ್ಮನಹಾಳ್‌ನ ರಸ್ತೆಯ ಬದಿಯಲ್ಲಿ ನಿಂತರೆ ಹಾಲಿನ ಕ್ಯಾನು ತೂಗುಹಾಕಿಕೊಂಡವರು, ಕ್ಯಾರಿಯರ್‌ಗೆ ಸಲಿಕೆ ಕಟ್ಟಿಕೊಂಡು ಗದ್ದೆಗೆ ಹೊರಟವರು, ಪಕ್ಕದ ಹಳ್ಳಿಯಿಂದ ಹೈಸ್ಕೂಲಿಗೆ ಬರುವ ಅಕ್ಕಂದಿರು ಕಾಣುತ್ತಾರೆ. ಮೋಟಾರು ಬೈಕುಗಳು ಹೆಚ್ಚಿವೆ, ನಿಜ. ಆದರೂ ಸೈಕಲ್ ನಮ್ಮ ಊರನ್ನು ಬಿಟ್ಟು ಹೋಗಿಲ್ಲ.

ನಾನು ಸೈಕಲ್ ಕಲಿತದ್ದು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ದೊಡ್ಡವರ ಸೈಕಲ್‌ನಲ್ಲಿ. ಸೀಟು ಎಟುಕುತ್ತಿರಲಿಲ್ಲ. ಅಡ್ಡಪಟ್ಟಿಯ ಕೆಳಗೆ ಒಂದು ಕಾಲು ತೂರಿಸಿ ಒಳಪೆಡಲು ತುಳಿಯುತ್ತಿದ್ದೆ. ಬಿದ್ದ ಗಾಯದ ಗುರುತು ಮೊಣಕಾಲಿನ ಮೇಲೆ ಇಂದಿಗೂ ಇದೆ. ಬಿದ್ದರೂ ಭಯವಿರಲಿಲ್ಲ. ದಿನಕ್ಕೆ ನಾಲ್ಕಾರು ಬಸ್ಸು, ಲಾರಿಗಳನ್ನು ಬಿಟ್ಟರೆ ಆ ರಸ್ತೆಯಲ್ಲಿ ಬರುತ್ತಿದ್ದುದು ಎತ್ತಿನ ಗಾಡಿಗಳೇ.

ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. 2016ರಲ್ಲಿ ಅವನ ಮನೆಗೆ ಹೋಗಿದ್ದೆ. ಅವನ ಮಗಳು ಆಗ ಮೂರನೆಯ ತರಗತಿ. ಮನೆಯ ಮೂಲೆಯಲ್ಲಿ ಅವಳ ಕೆಂಪು ಸೈಕಲ್ ಧೂಳು ಹಿಡಿದು ನಿಂತಿತ್ತು.

"ಏಕಮ್ಮಾ, ಸೈಕಲ್ ಓಡಿಸುವುದಿಲ್ಲವೇ?" ಎಂದು ಕೇಳಿದೆ.

"ಎಲ್ಲಿ ಓಡಿಸಲಿ ದೊಡ್ಡಪ್ಪಾ?" ಎಂದಳು.

ಬಾಗಿಲಿಗೆ ಬಂದು ನೋಡಿದೆ. ರಸ್ತೆಯ ಎರಡೂ ಬದಿಗೆ ಕಾರುಗಳು ನಿಂತಿದ್ದವು. ನಡುವೆ ಉಳಿದ ಜಾಗದಲ್ಲಿ ಆಟೋ, ಬೈಕು, ಟೆಂಪೋಗಳು ಒಂದರ ಹಿಂದೆ ಒಂದು ನುಗ್ಗುತ್ತಿದ್ದವು. ನನ್ನ ಬಳಿ ಉತ್ತರವಿರಲಿಲ್ಲ. ಇಂದು ಆ ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿಗೂ ಹೆಚ್ಚು.

ಆ ವಾರದ ಭಾನುವಾರ ತಮ್ಮ ನಮ್ಮಿಬ್ಬರನ್ನೂ ಹತ್ತಿರದ ಬಡಾವಣೆಗೆ ಕರೆದುಕೊಂಡು ಹೋದ. ಅಲ್ಲಿ ಒಂದು ರಸ್ತೆಗೆ ಅಡ್ಡಗಟ್ಟೆ ಇಟ್ಟಿದ್ದರು. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ! ಒಳಗೆ ಮಕ್ಕಳು, ತಾಯಂದಿರು, ತಲೆ ನರೆತ ಅಜ್ಜಂದಿರು ಸೈಕಲ್ ತುಳಿಯುತ್ತಿದ್ದರು. ಒಂದು ಕಡೆ ಹುಡುಗರು ರಸ್ತೆಯ ಮೇಲೆಯೇ ಕುಂಟೆಬಿಲ್ಲೆ ಆಡುತ್ತಿದ್ದರು. ಅದು 'ಸೈಕಲ್ ದಿನ'. ನಗರ ಭೂ ಸಾರಿಗೆ ನಿರ್ದೇಶನಾಲಯ ಎಂಬ ಸರಕಾರಿ ಇಲಾಖೆಯೂ ಸೈಕಲ್ ಪ್ರಿಯ ನಾಗರಿಕರ ಗುಂಪುಗಳೂ ಸೇರಿ 2013ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಇದನ್ನು ಆರಂಭಿಸಿದವು. ಮುಂದೆ ಬಡಾವಣೆಯ ಜನರೇ ಇದನ್ನು ತಮ್ಮ ತಮ್ಮಲ್ಲಿ ನಡೆಸತೊಡಗಿದರು.

ನನ್ನ ತಮ್ಮನ ಮಗಳು ಮೊದಲು ಹೆದರಿದಳು. ಆಮೇಲೆ ಇಳಿಯಲು ಒಪ್ಪಲೇ ಇಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ಅಡ್ಡಗಟ್ಟೆ ತೆಗೆದರು. ಕಾರುಗಳು ಮರಳಿ ಬಂದವು. ಸೋಮವಾರ ಸೈಕಲ್ ಮತ್ತೆ ಮೂಲೆ ಸೇರಿತು. ಒಂದು ಭಾನುವಾರ ಸಾಲದು ಎಂದು ನನಗೆ ಆಗಲೇ ಅನ್ನಿಸಿತ್ತು.

ಸೈಕಲ್ ಗುಂಪಿನವರಿಗೂ ಹಾಗೆಯೇ ಅನ್ನಿಸಿರಬೇಕು. ಭಾನುವಾರದ ಸೈಕಲ್ ಸವಾರಿ ಸೋಮವಾರದ ಕೆಲಸಕ್ಕೂ ಬರಬೇಕಲ್ಲವೇ? ಅದಕ್ಕಾಗಿ 2018ರಲ್ಲಿ 'ಸೈಕಲ್ ಟು ವರ್ಕ್', ಎಂದರೆ 'ಕೆಲಸಕ್ಕೆ ಸೈಕಲ್‌ನಲ್ಲಿ', ಎಂಬ ಪ್ರಯತ್ನ ಬೆಂಗಳೂರಿನಲ್ಲಿ ಶುರುವಾಯಿತು. ಇದರ ಮುಂದಾಳು ಸತ್ಯ ಶಂಕರನ್. ಆಮ್‌ಸ್ಟರ್‌ಡ್ಯಾಮ್ ನಗರದ ಒಂದು ಸಂಸ್ಥೆ ಅವರನ್ನು ಬೆಂಗಳೂರಿನ 'ಸೈಕಲ್ ಮೇಯರ್' ಎಂದು ಹೆಸರಿಸಿತು. ಈ ಮೇಯರ್‌ಗೆ ನಗರಸಭೆಯ ಅಧಿಕಾರವಿಲ್ಲ. ಜನರನ್ನು ಒಪ್ಪಿಸುವುದೇ ಇವರ ಕೆಲಸ.

ಅವರು ಹೂಡಿದ ಉಪಾಯ ನಿಮಗೆ ಇಷ್ಟವಾದೀತು. ಸೈಕಲ್‌ನಲ್ಲಿ ಕಚೇರಿಗೆ ಹೋಗುವವರು ತಾವು ತುಳಿದ ದೂರವನ್ನು ಮೊಬೈಲ್ ಫೋನಿನಲ್ಲಿ ದಾಖಲಿಸುತ್ತಾರೆ. ಆ ದೂರ ಅವರ ಕಂಪನಿಯ ಲೆಕ್ಕಕ್ಕೂ ಸೇರುತ್ತದೆ. ಯಾವ ಕಂಪನಿಯವರು ಹೆಚ್ಚು ತುಳಿದರು ಎಂದು ಪಟ್ಟಿ ಬರುತ್ತದೆ. ಕಬಡ್ಡಿಯಲ್ಲಿ ತಂಡಕ್ಕಾಗಿ ಅಂಕ ಗಳಿಸಿದ ಹಾಗೆ! ಕಾರು ಕೊಳ್ಳುವ ಶಕ್ತಿ ಇದ್ದವರೂ ಟೊಪ್ಪಿಗೆಯಂತಹ ಹೆಲ್ಮೆಟ್ ಧರಿಸಿ ಸೈಕಲ್ ಏರಿದರು. ಸೈಕಲ್ ಬಡವರ ಗಾಡಿ ಎಂದು ನಮ್ಮಲ್ಲಿ ಕೆಲವರು ನಾಚುತ್ತಾರೆ. ಅವರಿಗೆ ಈ ಸುದ್ದಿ ಹೇಳಿ.

ಆದರೆ ಸವಾರರಿಗೆ ದಾರಿ? 2012ರ ಸುಮಾರಿಗೆ ಜಯನಗರದ ಕೆಲವು ರಸ್ತೆಗಳ ಅಂಚಿನಲ್ಲಿ ಸೈಕಲ್‌ಗೆಂದೇ ಪಥ ಮಾಡಿದ್ದರು. ಅದರ ಮೇಲೆ ಕಾರುಗಳು ಬಂದು ನಿಂತವು. 2020ರಲ್ಲಿ, ಕೊರೋನಾ ಕಾಲದಲ್ಲಿ, ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್ ಕಡೆಯಿಂದ ಸೈಕಲ್ ಪಥವೊಂದನ್ನು ಗುರುತಿಸಿ, ಪಕ್ಕಕ್ಕೆ ಚಿಕ್ಕ ಕಂಬಗಳನ್ನು ನೆಟ್ಟರು. ಅನೇಕ ಕಂಬಗಳು ವಾಹನಗಳಿಗೆ ಸಿಕ್ಕಿ ಮುರಿದವು. ಮೆಟ್ರೋ ರೈಲಿನ ಕಾಮಗಾರಿಯೂ ಬಂತು. ಬಣ್ಣ ಬಳಿದ ಮಾತ್ರಕ್ಕೆ ಪಥ ಉಳಿಯುವುದಿಲ್ಲ. ಅದನ್ನು ಕಾಯಬೇಕು, ಕಾಯುವವರೂ ಬೇಕು.

ನೆದರ್‌ಲ್ಯಾಂಡ್ಸ್ ದೇಶದ ಹೆಸರು ಕೇಳಿದ್ದೀರಾ? ಇಂದು ಅದು ಸೈಕಲ್‌ಗಳ ದೇಶ. ಆದರೆ ಒಂದು ಕಾಲದಲ್ಲಿ ಅಲ್ಲಿಯೂ ಕಾರುಗಳು ರಸ್ತೆಗಳನ್ನು ತುಂಬಿಕೊಂಡಿದ್ದವು. 1971ರ ಒಂದೇ ವರ್ಷದಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತಗಳಲ್ಲಿ ಸತ್ತರು. ತಂದೆ ತಾಯಿಗಳು ಸುಮ್ಮನಿರಲಿಲ್ಲ. ಮಕ್ಕಳ ಜೊತೆ ಬೀದಿಗಿಳಿದು ದಾರಿ ಕೇಳಿದರು. ಒಂದೆರಡು ದಿನವಲ್ಲ, ಹಲವು ವರ್ಷ ಕೇಳಿದರು. ಆಮೇಲೆ ಊರೂರಿಗೆ ಸೈಕಲ್ ಪಥಗಳು ಬಂದವು.

ಮರುವರ್ಷ ಬೇಸಿಗೆ ರಜೆಗೆ ನನ್ನ ತಮ್ಮನ ಮಗಳು ನಮ್ಮ ಊರಿಗೆ ಬಂದಳು. ಬಂದ ಮರುದಿನವೇ ನನ್ನ ಹಳೆಯ ಸೈಕಲ್ ಹಿಡಿದು ಹೊರಟಳು. ಸೀಟು ಎಟುಕಲಿಲ್ಲ. ನಾನು ಒಳಪೆಡಲು ತೋರಿಸಿಕೊಟ್ಟೆ. ಕಾಲುವೆಯ ಪಕ್ಕದ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ತಿರುಗಿ ಕೂಗಿದಳು: "ದೊಡ್ಡಪ್ಪಾ, ಇಲ್ಲಿ ಅಡ್ಡಗಟ್ಟೆ ಯಾವಾಗ ತೆಗೆಯುತ್ತಾರೆ?"

ಹೊಸ ಪದಗಳು

ಬಡಾವಣೆ – ನಗರದ ಒಂದು ವಸತಿ ಭಾಗ
ಪಥ – ದಾರಿ
ಹೊರವರ್ತುಲ ರಸ್ತೆ – ನಗರದ ಹೊರಭಾಗವನ್ನು ಸುತ್ತುವ ರಸ್ತೆ

ಅಭ್ಯಾಸ

1. ಕೆಂಪು ಸೈಕಲ್ ಏಕೆ ಧೂಳು ಹಿಡಿದಿತ್ತು?
2. ಭಾನುವಾರದ ಸೈಕಲ್ ದಿನ ಸಾಲದು ಎಂದು ಲೇಖಕರಿಗೆ ಏಕೆ ಅನ್ನಿಸಿತು?
3. ಒಬ್ಬನು ಗಂಟೆಗೆ 5 ಕಿಲೋಮೀಟರ್ ನಡೆಯುತ್ತಾನೆ. ಸೈಕಲ್‌ನಲ್ಲಿ ಗಂಟೆಗೆ 15 ಕಿಲೋಮೀಟರ್ ಹೋಗುತ್ತಾನೆ. ಶಾಲೆ 5 ಕಿಲೋಮೀಟರ್ ದೂರವಿದ್ದರೆ ಸೈಕಲ್‌ನಿಂದ ಎಷ್ಟು ನಿಮಿಷ ಉಳಿಯುತ್ತದೆ?
4. ನಿಮ್ಮ ಮನೆಯ ಹಿರಿಯರು ಸೈಕಲ್ ಕಲಿತದ್ದು ಹೇಗೆ? ಕೇಳಿ ಬರೆಯಿರಿ.