ಹಲಸಿಯ ಪಾಠ: ಎರಡು ನದಿ, ಒಂದು ರಾಜಧಾನಿ, ಮೂರು ಕಣ್ಣು

ಗ್ರೀಕರ ಕಥೆ ನಾವೆಲ್ಲ ಓದಿದ್ದೇವೆ. ಗುಡ್ಡಗಳ ನಡುವೆ ಚಿಕ್ಕ ಚಿಕ್ಕ ರಾಜ್ಯಗಳು, ಅವಕ್ಕೆಲ್ಲ ದೈವಾಂಶದ ಮೂಲಪುರುಷರು. ಅಂಥದೇ ಕಥೆ ನಮ್ಮ ಖಾನಾಪುರ ತಾಲ್ಲೂಕಿನಲ್ಲೂ ಇದೆ.

ಭೂಗೋಳ

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕಿಳಿದು ಗೋವಾದಲ್ಲಿ ಮಾಂಡೋವಿ ಆಗುತ್ತದೆ. ಮಳೆಹನಿ ದಿಬ್ಬದ ಯಾವ ಕಡೆ ಬಿತ್ತು ಅನ್ನೋದರ ಮೇಲೆ ಅದು ಬಂಗಾಳ ಕೊಲ್ಲಿಗೋ ಅರಬ್ಬಿ ಸಮುದ್ರಕ್ಕೋ ಅಂತ ತೀರ್ಮಾನ. ಇಲ್ಲಿ ನೆಲೆ ನಿಂತವರ ಕೈಗೆ ಮೇಲಿನ ಬಯಲೂ ಕೆಳಗಿನ ಕರಾವಳಿಯ ದಾರಿಯೂ ಸಿಗುತ್ತಿತ್ತು.

ಇತಿಹಾಸ

ಬೆಳಗಾವಿಯ ವಡಗಾವಿ-ಮಾಧವಪುರದ ಉತ್ಖನನದಲ್ಲಿ ಶಾತವಾಹನರ ಕಾಲದ ಊರಿನ ಅವಶೇಷ ಸಿಕ್ಕಿವೆ. ಆಮೇಲೆ ಬಂದವರು ಕದಂಬರು. ಬನವಾಸಿ ಅವರ ರಾಜಧಾನಿ, ಹಲಸಿ ಎರಡನೆಯದು. ಆಗ ಇದರ ಹೆಸರು ಪಲಾಶಿಕಾ. ಇಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಒಂದರ ಪ್ರಕಾರ ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಹೊಲ ದಾನ ಕೊಟ್ಟ. ಇನ್ನೊಂದರಲ್ಲಿ, ಅವನ ಮೊಮ್ಮಗ ಮೃಗೇಶವರ್ಮ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿದ ಅಂತಿದೆ. ಶತಮಾನಗಳ ನಂತರ ಗೋವಾ ಕದಂಬರೂ ಹಲಸಿಯನ್ನು ಬಿಡಲಿಲ್ಲ. ಎರಡು ಗರ್ಭಗುಡಿಗಳು ಎದುರುಬದುರಾಗಿರುವ ಭೂವರಾಹ ನರಸಿಂಹ ದೇವಾಲಯ 12ನೇ ಶತಮಾನದ್ದು.

ಪುರಾಣ

ಈಗ ತಮಾಷೆ ನೋಡ್ರಿ. 5ನೇ ಶತಮಾನದ ತಾಳಗುಂದ ಶಾಸನದಲ್ಲಿ ವಂಶದ ಮೂಲಪುರುಷ ಮಯೂರಶರ್ಮ ಒಬ್ಬ ವಿದ್ಯಾರ್ಥಿ. ಓದಲಿಕ್ಕೆ ಕಂಚಿಗೆ ಹೋದ, ಪಲ್ಲವರ ಕಡೆಯವರ ಜೊತೆ ಜಗಳ ಆಯಿತು, ಕತ್ತಿ ಹಿಡಿದ. ಮನೆ ಹತ್ತಿರ ಕದಂಬ ಮರ ಇತ್ತು, ಅದರಿಂದ ವಂಶಕ್ಕೆ ಆ ಹೆಸರು ಬಂತು. ನಂತರದ ಕದಂಬರ ಶಾಸನಗಳಲ್ಲಿ ಮೂಲಪುರುಷನೇ ಬದಲು: ಶಿವನ ಬೆವರಹನಿ ಕದಂಬ ಮರದ ಬುಡಕ್ಕೆ ಬಿದ್ದು ಮುಕ್ಕಣ್ಣನಾದ ತ್ರಿಲೋಚನ ಕದಂಬ ಹುಟ್ಟಿದ! ಅಥೆನ್ಸಿನವರೂ ತಮ್ಮ ಆದಿರಾಜ ಎರಿಕ್ಥೋನಿಯಸ್ ನೆಲದಿಂದಲೇ ಹುಟ್ಟಿದ ಅಂತಿದ್ದರು.

ಪುರಾಣ ಯಾವಾಗಲೂ ಇತಿಹಾಸಕ್ಕಿಂತ ಹಳೆಯದು ಅಂತ ನಾವು ತಿಳಿದಿರುತ್ತೇವೆ. ಇಲ್ಲಿ ಉಲ್ಟಾ. ಹಳೇ ಶಾಸನದಲ್ಲಿ ಮನುಷ್ಯನಿದ್ದಾನೆ, ಹೊಸದರಲ್ಲಿ ಪವಾಡ. ಮಣ್ಣಿನಿಂದಲೇ ಹುಟ್ಟಿದವನಿಗೆ ಆ ಮಣ್ಣಿನ ಹಕ್ಕು ಕೇಳೋರು ಯಾರು? ಪುರಾಣ ಆಗಿನ ಹಕ್ಕುಪತ್ರ.

ಹಕ್ಕಿನ ಮಾತು ಈಗಲೂ ಮುಗಿದಿಲ್ಲ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟರೂ ಕಳಸಾ-ಬಂಡೂರಿ ನೀರಿನ ತಕರಾರು ಅದೇ ದಿಬ್ಬದ ಮೇಲೇ ನಿಂತಿದೆ. ನಾಳೆ ಆ ಕಾಲುವೆಯ ಲೆಕ್ಕ ಹಾಕುವವರು ನಮ್ಮಲ್ಲೇ ಇರಬಹುದು. ಯಾರು ಏನೇ ಹೇಳಲಿ, ಯಾವಾಗ ಹೇಳಿದರು, ಯಾಕೆ ಹೇಳಿದರು ಅಂತ ಮೊದಲು ಕೇಳೋಣ.