ಕಾರು ಏಕೆ ಹೊರಡುತ್ತಿಲ್ಲ?

ಕೀಲಿ ತಿರುಗಿಸಿದರೂ ಹೊರಡದೆ ನಿಂತ ಕಾರನ್ನು ನೀವು ನೋಡಿರಬಹುದು. ಸುತ್ತ ಜನ ಸೇರುತ್ತಾರೆ. “ಪೆಟ್ರೋಲ್ ಮುಗಿದಿರಬೇಕು” ಎನ್ನುತ್ತಾರೆ ಒಬ್ಬರು. “ತಳ್ಳಿ, ತಾನೇ ಹೊರಡುತ್ತೆ” ಎನ್ನುತ್ತಾರೆ ಇನ್ನೊಬ್ಬರು. “ಯಾರದೋ ಕಣ್ಣು ಬಿದ್ದಿದೆ, ನಿಂಬೆಹಣ್ಣು ಕಟ್ಟಿ” ಎನ್ನುವವರೂ ಉಂಟು. ಚಾಲಕ ಮಾತ್ರ ಮತ್ತೆ ಮತ್ತೆ ಕೀಲಿ ತಿರುಗಿಸುತ್ತಲೇ ಇರುತ್ತಾನೆ. ಕಾರಿನೊಳಗೆ ಆಸ್ಪತ್ರೆಗೆ ಹೋಗಬೇಕಾದ ರೋಗಿ ಇದ್ದರೆ ಒಂದೊಂದು ನಿಮಿಷವೂ ಮುಖ್ಯ. ಆಗ ಊಹೆಗಿಂತ ಕ್ರಮವಾದ ಯೋಚನೆಯೇ ಹೆಚ್ಚು ನೆರವಾಗುತ್ತದೆ. ವೈದ್ಯರು ಲಕ್ಷಣ ನೋಡಿ ರೋಗ ಗುರುತಿಸುವಂತೆ, ನಾವೂ ಲಕ್ಷಣ ನೋಡಿ ಕಾರಿನ ದೋಷವನ್ನು ಗುರುತಿಸಬಹುದು.

ಎಂಜಿನ್ ಹೊರಡಲು ಏನು ಬೇಕು?

ಸೌದೆ ಒಲೆ ಹೊತ್ತಿಸುವಾಗ ಏನೇನು ಬೇಕು? ಸೌದೆ, ಗಾಳಿ ಮತ್ತು ಬೆಂಕಿಕಡ್ಡಿ. ಪೆಟ್ರೋಲ್ ಎಂಜಿನ್ನಿಗೂ ಇವೇ ಮೂರು ಬೇಕು. ಸೌದೆಯ ಬದಲು ಪೆಟ್ರೋಲ್, ಬೆಂಕಿಕಡ್ಡಿಯ ಬದಲು ವಿದ್ಯುತ್ ಕಿಡಿ. ಗಾಳಿಯಲ್ಲಿರುವ ಆಮ್ಲಜನಕ ಎರಡಕ್ಕೂ ಬೇಕು.

ಆದರೆ ಎಂಜಿನ್ನಿಗೆ ನಾಲ್ಕನೆಯದೊಂದು ಬೇಕು. ಅದು ಮೊದಲ ಸುತ್ತು. ಪಿಸ್ಟನ್ ಕೆಳಗಿಳಿದಾಗಲೇ ಗಾಳಿ ಒಳಗೆ ಬರುತ್ತದೆ, ಮೇಲೇರಿದಾಗಲೇ ಅದು ಒತ್ತಲ್ಪಡುತ್ತದೆ. ನಿಂತ ಎಂಜಿನ್ ತಾನಾಗಿ ತಿರುಗಲಾರದು. ಅದನ್ನು ಮೊದಲು ತಿರುಗಿಸಿಕೊಡುವುದು ಸ್ಟಾರ್ಟರ್ ಎಂಬ ವಿದ್ಯುತ್ ಮೋಟಾರು. ಸ್ಟಾರ್ಟರಿಗೆ ಶಕ್ತಿ ಕೊಡುವುದು ಬ್ಯಾಟರಿ. ಎಂಜಿನ್ ಓಡತೊಡಗಿದ ಮೇಲೆ ಆಲ್ಟರ್ನೇಟರ್ ಎಂಬ ಭಾಗ ವಿದ್ಯುತ್ ತಯಾರಿಸಿ ಬ್ಯಾಟರಿಯನ್ನು ಮತ್ತೆ ತುಂಬುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಲ್ಲವೆ? ಡೀಸೆಲ್ ಎಂಜಿನ್ ಗಾಳಿಯನ್ನು ಅದಕ್ಕಿಂತ ಎಷ್ಟೋ ಬಲವಾಗಿ ಒತ್ತುತ್ತದೆ. ಆ ಬಿಸಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ.

ಮೊದಲ ಪ್ರಶ್ನೆ: ಎಂಜಿನ್ ತಿರುಗುತ್ತಿದೆಯೆ?

ಕೀಲಿ ತಿರುಗಿಸಿದಾಗ ಬರುವ ಸದ್ದನ್ನು ಕಿವಿಗೊಟ್ಟು ಕೇಳಬೇಕು. ಈ ಒಂದೇ ಪ್ರಶ್ನೆ ದೋಷಗಳನ್ನು ಎರಡು ಗುಂಪು ಮಾಡಿಕೊಡುತ್ತದೆ. ಎಂಜಿನ್ ತಿರುಗದಿದ್ದರೆ ಮೊದಲು ಬ್ಯಾಟರಿ, ತಂತಿ, ಸ್ಟಾರ್ಟರ್ ಇವುಗಳ ಕಡೆ ನೋಡಬೇಕು. ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಇಂಧನ, ಗಾಳಿ, ಕಿಡಿ ಇವುಗಳ ಕಡೆ ನೋಡಬೇಕು.

ಎಂಜಿನ್ ತಿರುಗದಿದ್ದರೆ

ಮುಂದಿನ ದೀಪ ಹಾಕಿ ಕೀಲಿ ತಿರುಗಿಸಲು ಚಾಲಕರಿಗೆ ಹೇಳಿ. ನೀವು ಪಕ್ಕದಲ್ಲಿ ನಿಂತು ದೀಪವನ್ನು ಗಮನಿಸಿ.

1. ದೀಪ ಮೊದಲೇ ಮಂಕಾಗಿದ್ದರೆ, ಅಥವಾ ಕೀಲಿ ತಿರುಗಿಸಿದೊಡನೆ ಆರಿಹೋಗುವಂತಾದರೆ, ಬ್ಯಾಟರಿ ಖಾಲಿಯಾಗಿರಬಹುದು. ಇಲ್ಲವೇ ಅದಕ್ಕೆ ಜೋಡಿಸಿದ ತಂತಿ ಸಡಿಲವಾಗಿರಬಹುದು. ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ನೀಲಿ ಹಸಿರು ಪುಡಿ ಕಟ್ಟಿದ್ದರೂ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ.

2. ‘ಟಕ ಟಕ ಟಕ’ ಎಂಬ ಸದ್ದು ಬಂದರೆ ಬ್ಯಾಟರಿ ಬಲ ಕಳೆದುಕೊಂಡಿರುವ ಸಾಧ್ಯತೆಯೇ ಹೆಚ್ಚು. ಸ್ಟಾರ್ಟರಿನ ಮೇಲೆ ಒಂದು ವಿದ್ಯುತ್ಕಾಂತವಿದೆ. ಅದು ಎಳೆದಾಗ ಮೋಟಾರಿಗೆ ದೊಡ್ಡ ವಿದ್ಯುತ್ ಹರಿಯುತ್ತದೆ. ಸೋತ ಬ್ಯಾಟರಿಯ ವೋಲ್ಟೇಜ್ ಆಗ ಕುಸಿಯುತ್ತದೆ, ಕಾಂತ ಬಿಟ್ಟುಬಿಡುತ್ತದೆ. ಭಾರ ತಪ್ಪಿದಾಗ ವೋಲ್ಟೇಜ್ ಏರುತ್ತದೆ, ಕಾಂತ ಮತ್ತೆ ಎಳೆಯುತ್ತದೆ. ಹೀಗೆ ಎಳೆದು ಬಿಡುವ ಸದ್ದೇ ‘ಟಕ ಟಕ’.

3. ದೀಪ ಚೆನ್ನಾಗಿ ಉರಿಯುತ್ತಲೇ ಇದ್ದು ಯಾವ ಸದ್ದೂ ಬರದಿದ್ದರೆ ಬ್ಯಾಟರಿಯನ್ನು ದೂರುವಂತಿಲ್ಲ. ಸ್ಟಾರ್ಟರ್, ಅದರ ತಂತಿ ಅಥವಾ ಕೀಲಿಯ ಸ್ವಿಚ್ ಕೆಟ್ಟಿರಬಹುದು. ಗೇರು ತಾನೇ ಬದಲಾಗುವ ಕಾರುಗಳಲ್ಲಿ ಗೇರಿನ ಹಿಡಿ ತನ್ನ ಜಾಗದಲ್ಲಿಲ್ಲದಿದ್ದರೂ ಸ್ಟಾರ್ಟರ್ ತಿರುಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಕಾರಿನ ಬ್ಯಾಟರಿ 12 ವೋಲ್ಟಿನದು. ಸುಮಾರು 2 ವೋಲ್ಟಿನ 6 ಕೋಶಗಳು ಅದರೊಳಗೆ ಸಾಲಾಗಿ ಜೋಡಣೆಯಾಗಿವೆ. 55 ವ್ಯಾಟಿನ ಎರಡು ದೀಪಗಳು ಸೇರಿ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತವೆ. ಸಣ್ಣ ಕಾರಿನ ಬ್ಯಾಟರಿಯ ಸಾಮರ್ಥ್ಯ 35 ಆಂಪಿಯರ್-ಗಂಟೆ ಎಂದಿಟ್ಟುಕೊಳ್ಳಿ. 35ನ್ನು 9ರಿಂದ ಭಾಗಿಸಿದರೆ ಸುಮಾರು 4 ಗಂಟೆ. ರಾತ್ರಿ ದೀಪ ಆರಿಸಲು ಮರೆತ ಕಾರು ಬೆಳಗ್ಗೆ ಏಕೆ ಹೊರಡುವುದಿಲ್ಲ ಎಂಬುದು ಈಗ ಗೊತ್ತಾಯಿತಲ್ಲ! ಸ್ಟಾರ್ಟರಂತೂ ಕೆಲವೇ ಸೆಕೆಂಡು ತಿರುಗಿದರೂ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಕಾಲ ಕೀಲಿ ತಿರುಗಿಸಿ ಹಿಡಿಯಬಾರದು. ನಡುವೆ ಬಿಡುವು ಕೊಡಬೇಕು. ಇಲ್ಲದಿದ್ದರೆ ಸ್ಟಾರ್ಟರ್ ಕಾಯುತ್ತದೆ, ಉಳಿದ ವಿದ್ಯುತ್ತೂ ಮುಗಿಯುತ್ತದೆ.

ತಿರುಗಿದರೂ ಹೊತ್ತಿಕೊಳ್ಳದಿದ್ದರೆ

ಎಲ್ಲಕ್ಕಿಂತ ಸುಲಭವಾದುದನ್ನು ಮೊದಲು ನೋಡಬೇಕು. ತೊಟ್ಟಿಯಲ್ಲಿ ಇಂಧನ ಇದೆಯೆ? ಅನೇಕ ಪೆಟ್ರೋಲ್ ಕಾರುಗಳಲ್ಲಿ ಕೀಲಿಯನ್ನು ಅರ್ಧ ತಿರುಗಿಸಿದಾಗ ಹಿಂಭಾಗದಿಂದ ಒಂದೆರಡು ಸೆಕೆಂಡು ‘ಗುಂಯ್’ ಎಂಬ ಸದ್ದು ಕೇಳುತ್ತದೆ. ಅದು ಇಂಧನದ ಪಂಪು. ಎಂದೂ ಕೇಳುವ ಸದ್ದು ಇಂದು ಕೇಳದಿದ್ದರೆ ಅದೊಂದು ಸುಳಿವು. ಗಾಳಿ ಸೋಸುವ ಭಾಗ ಧೂಳಿನಿಂದ ಮುಚ್ಚಿರಬಹುದು. ಕಿಡಿಗಾಗಿ 12 ವೋಲ್ಟನ್ನು ಸುಮಾರು 20,000 ವೋಲ್ಟ್ ಅಥವಾ ಅದಕ್ಕೂ ಮೇಲೆ ಏರಿಸುವ ಸುರುಳಿ ಇದೆ. ಅದು ಕೆಟ್ಟರೂ ಕಿಡಿ ಹಾರದು. ಕಳ್ಳತನ ತಡೆಯುವ ವ್ಯವಸ್ಥೆ ಕೀಲಿಯನ್ನು ಗುರುತಿಸದೆ ಎಂಜಿನ್ನನ್ನು ತಡೆದಿರಲೂಬಹುದು.

ತಳ್ಳಿದರೆ ಏಕೆ ಹೊರಡುತ್ತದೆ?

ಕಾರನ್ನು ತಳ್ಳಿ, ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಅಂದರೆ ತಳ್ಳುವ ಜನರು ಸ್ಟಾರ್ಟರಿನ ಕೆಲಸ ಮಾಡುತ್ತಾರೆ. ಅವರು ಪೆಟ್ರೋಲನ್ನಾಗಲಿ ಕಿಡಿಯನ್ನಾಗಲಿ ಕೊಡಲಾರರು. ಇಂದಿನ ಕಾರುಗಳಲ್ಲಿ ಪಂಪಿಗೂ ಕಿಡಿಗೂ ವಿದ್ಯುತ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ವ್ಯರ್ಥ. ಗೇರು ತಾನೇ ಬದಲಾಗುವ ಕಾರನ್ನು ಹೀಗೆ ಹೊರಡಿಸಲು ಆಗುವುದಿಲ್ಲ. ವಿದ್ಯುತ್ ಕಾರಿಗೆ ಎಂಜಿನ್ನೇ ಇಲ್ಲ. ಆದರೂ ಹೆಚ್ಚಿನ ವಿದ್ಯುತ್ ಕಾರುಗಳಲ್ಲಿ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದು ಇರುತ್ತದೆ. ಅದು ಖಾಲಿಯಾದರೆ ಅವೂ ಹೊರಡುವುದಿಲ್ಲ.

ನಿಮಗೆ ಗೊತ್ತೆ?

1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ ತನ್ನ ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಳು. ದೂರ ಸುಮಾರು 100 ಕಿಲೋಮೀಟರ್. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಆಕೆ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದಳು. ಇಂಧನ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ಇಂಧನ ಮತ್ತು ಕಿಡಿ ಎರಡನ್ನೂ ಆಕೆ ಬಲ್ಲವಳಾಗಿದ್ದಳು!

ಆ ಕಾಲದ ಎಂಜಿನ್ನುಗಳನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಮುಂದೆ ಬಂದ ಕಾರುಗಳಿಗೆ ಉದ್ದನೆಯ ಹಿಡಿಕೆ ಇರುತ್ತಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ತಿರುಗಿಸುವವರ ಕೈಮೂಳೆ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಮೋಟಾರು ಕೆಲವೇ ಸೆಕೆಂಡು ದುಡಿದರೆ ಸಾಕು, ಹಾಗಾಗಿ ಅದು ಚಿಕ್ಕದಾಗಿದ್ದರೂ ನಡೆಯುತ್ತದೆ ಎಂಬುದು ಅವರ ಯೋಚನೆಯಾಗಿತ್ತು.

ಮಾಡಿ ನೋಡಿ

ಸೆಲ್ ಹಾಕುವ ಒಂದು ಟಾರ್ಚ್ ತೆಗೆದುಕೊಳ್ಳಿ. ತರಗತಿಯಲ್ಲಿ ಎರಡು ಗುಂಪು ಮಾಡಿ. ಮೊದಲ ಗುಂಪು ಗುಟ್ಟಾಗಿ ಒಂದೇ ಒಂದು ದೋಷ ಮಾಡಲಿ: ಸೆಲ್ಲುಗಳ ನಡುವೆ ಕಾಗದದ ಚೂರು ಇಡುವುದು, ಒಂದು ಸೆಲ್ ತಿರುವುಮುರುವು ಹಾಕುವುದು ಅಥವಾ ಹಳೆಯ ಸೆಲ್ ಹಾಕುವುದು. ಎರಡನೆಯ ಗುಂಪು ಆ ದೋಷ ಹುಡುಕಲಿ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಫಲಿತಾಂಶ ಬರೆದುಕೊಳ್ಳಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಟಾರ್ಚ್ ಉರಿಯಬಹುದು, ಆದರೆ ದೋಷ ಯಾವುದಿತ್ತು ಎಂಬುದು ತಿಳಿಯುವುದಿಲ್ಲ. ವಿಜ್ಞಾನಿಗಳೂ ಮೆಕ್ಯಾನಿಕ್ಕರೂ ಅನುಸರಿಸುವ ದಾರಿ ಇದೇ. ನಿಂಬೆಹಣ್ಣನ್ನೂ ಹೀಗೆಯೇ ಪರೀಕ್ಷಿಸಬಹುದು. ಬೇರೇನನ್ನೂ ಬದಲಿಸದೆ ಕೆಟ್ಟ ಟಾರ್ಚಿಗೆ ನಿಂಬೆಹಣ್ಣು ಮಾತ್ರ ಕಟ್ಟಿ ನೋಡಿ!

ಎಚ್ಚರಿಕೆ

ಕಾರಿನ ಬ್ಯಾಟರಿಯಲ್ಲಿ ಸಲ್ಫ್ಯೂರಿಕ್ ಆಮ್ಲವಿದೆ, ಅದು ಚರ್ಮವನ್ನು ಸುಡುತ್ತದೆ. ಬ್ಯಾಟರಿಯಿಂದ ಹೊರಬರುವ ಜಲಜನಕ ಕಿಡಿ ತಾಕಿದರೆ ಸಿಡಿಯುತ್ತದೆ. ಬಾನೆಟ್ಟಿನೊಳಗೆ ನೀವು ಕೈ ಹಾಕಬೇಡಿ. ನೋಡುವುದು, ಕೇಳುವುದು, ಹೇಳುವುದು ನಿಮ್ಮ ಕೆಲಸ. ಮುಟ್ಟುವುದು ತಿಳಿದ ಹಿರಿಯರ ಕೆಲಸ. ರೋಗಿ ಇದ್ದರೆ ದುರಸ್ತಿಗೆ ಕಾಯದೆ ಕೂಡಲೇ 108ಕ್ಕೆ ಕರೆಮಾಡಲು ಹೇಳಿ.

ಯೋಚಿಸಿ ಉತ್ತರಿಸಿ

1. ಹಾರನ್ ಜೋರಾಗಿದೆ, ಎಂಜಿನ್ ಚುರುಕಾಗಿ ತಿರುಗುತ್ತಿದೆ, ಆದರೂ ಕಾರು ಹೊರಡುತ್ತಿಲ್ಲ. ಹೊಸ ಬ್ಯಾಟರಿ ಕೊಂಡರೆ ಪ್ರಯೋಜನವಿದೆಯೆ?

2. ಪೆಟ್ರೋಲ್ ಮುಗಿದ ಕಾರನ್ನು ತಳ್ಳಿದರೆ ಏಕೆ ಹೊರಡುವುದಿಲ್ಲ?

3. ತಳ್ಳಿ ಹೊರಡಿಸಿದ ಕಾರು ಒಂದು ಗಂಟೆ ಓಡಿತು. ಮರುದಿನ ಬೆಳಗ್ಗೆ ಮತ್ತೆ ‘ಟಕ ಟಕ’ ಸದ್ದು. ಯಾವ ಯಾವ ಭಾಗಗಳ ಮೇಲೆ ನಿಮಗೆ ಅನುಮಾನ? ಏಕೆ?